ಕೊಳ್ಳುವ ತೂಕ, ಕೊಡುವ ತೂಕ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ಹೀನಾಧಿಕ ಮಾನೋನ್ಮಾನ. ಕೊಳ್ಳುವಾಗ ಹೆಚ್ಚಿನ ತೂಕ, ಕೊಡುವಾಗ ಕಡಿಮೆ ತೂಕ ಬಳಸುವುದೇ ಈ ದೋಷ. ವ್ಯಾಪಾರದಲ್ಲಿ ಇದನ್ನು ವರ್ಜಿಸುವ ಶ್ರಾವಕನು ಮನೆಯೊಳಗೆ ಹದಿಹರೆಯದ ಮಕ್ಕಳೊಡನೆ ಇದನ್ನೇ ಅರಿಯದೆ ಮಾಡುತ್ತಿರುವನೇ ಎಂಬುದು ಚಿಂತನೀಯ.

ಮಕ್ಕಳ ಯೋಗ್ಯತೆಯನ್ನು ಹೆತ್ತವರು ಎಸ್.ಎಸ್.ಎಲ್.ಸಿ. ಗ್ರೇಡಿನಿಂದ ಅಳೆಯುತ್ತಾರೆ, ತಮ್ಮ ಪಾಲನೆಯನ್ನು ಕಟ್ಟಿದ ಶುಲ್ಕದಿಂದ, ಪಟ್ಟ ಕಷ್ಟದಿಂದ ಅಳೆದುಕೊಳ್ಳುತ್ತಾರೆ. ಮಗ ಸಿಟ್ಟಾದರೆ ಅವಿನಯ, ತಂದೆ ಸಿಟ್ಟಾದರೆ ಶಿಸ್ತು. ಒಂದೇ ಕ್ರೋಧಕಷಾಯಕ್ಕೆ ಎರಡು ತೂಕದ ಕಲ್ಲು!

ಪಾಲನೆಯನ್ನು ಅಳೆಯಲು ವಿದ್ವಾಂಸರೂ ಯತ್ನಿಸಿದ್ದಾರೆ. 1979ರಲ್ಲಿ ಆಸ್ಟ್ರೇಲಿಯದ ಗಾರ್ಡನ್ ಪಾರ್ಕರ್ ಮತ್ತು ಸಂಗಡಿಗರು 25 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದರಲ್ಲಿ 12 ಹೇಳಿಕೆಗಳು ವಾತ್ಸಲ್ಯಕ್ಕೆ, 13 ಅತಿಯಾದ ಹಿಡಿತಕ್ಕೆ ಸಂಬಂಧಿಸಿವೆ. ಉತ್ತರಿಸುವವರು ಹೆತ್ತವರಲ್ಲ, ಬಾಳಿನ ಮೊದಲ 16 ವರ್ಷಗಳನ್ನು ನೆನೆದು ಮಕ್ಕಳೇ ಉತ್ತರಿಸಬೇಕು. ಇಬ್ಬರನ್ನೂ ಕೇಳುವ ಬೇರೆ ಅಧ್ಯಯನಗಳಲ್ಲಿ ಹೆತ್ತವರ ಉತ್ತರವೂ ಮಕ್ಕಳ ಉತ್ತರವೂ ಹಲವೆಡೆ ಹೊಂದುವುದಿಲ್ಲ. ಅನೇಕಾಂತವನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಎರಡೂ ಸುಳ್ಳಲ್ಲ, ಒಂದೂ ಪೂರ್ಣವಲ್ಲ.

ಶಿರಿಯ, ಕುಂಬಳೆ, ಮಂಜೇಶ್ವರಗಳನ್ನು ಒಳಗೊಂಡ ತುಳುನಾಡಿನ ಜೈನ ಮನೆತನಗಳಲ್ಲಿ ಅಳಿಯಸಂತಾನ ನಡೆಯುತ್ತಿದ್ದ ಕಾಲದಲ್ಲಿ ಮಕ್ಕಳ ಹೊಣೆ ಸೋದರಮಾವನದೂ ಆಗಿತ್ತು. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯ ಪಾಲಿಗೆ ದಾರಿ ತೆರೆಯಿತು. ಈಗಿನ ಸಣ್ಣ ಸಂಸಾರದಲ್ಲಿ ತಕ್ಕಡಿ ಹಿಡಿಯುವವರು ತಂದೆತಾಯಿ ಇಬ್ಬರೇ. ಅವರ ತೂಕ ತಪ್ಪಿದರೆ ಮಗು ಹೇಳಿಕೊಳ್ಳುವುದು ಯಾರಲ್ಲಿ?

ಮಕ್ಕಳನ್ನು ಸರಿಸಮ ಕಂಡರೆ ಹಿರಿತನ ಉಳಿಯುವುದೇ ಎಂದು ಕೆಲವರು ಕೇಳಬಹುದು. ಒಂದೇ ಅಳತೆ ಎಂದರೆ ಒಂದೇ ಅಧಿಕಾರವೆಂದಲ್ಲ. ಅಂಗಡಿಯ ಯಜಮಾನಿಕೆ ವರ್ತಕನದೇ. ಆದರೂ ತೂಕದ ಕಲ್ಲು ಅವನಿಗೂ ಗಿರಾಕಿಗೂ ಒಂದೇ. ರಾತ್ರಿ ತಡವಾಗಿ ಬರಬಾರದೆಂದು ಮಗಳಿಗೆ ಹೇಳುವ ಹಕ್ಕು ತಾಯಿಗಿದೆ. ಕಾರಣ ಹೇಳುವ, ಅವಳ ಮಾತನ್ನು ಕೊನೆತನಕ ಕೇಳುವ ಹೊಣೆಯೂ ಇದೆ.

ಪ್ರಶ್ನಾವಳಿ ಇಲ್ಲದ ಮನೆಯಲ್ಲಿಯೂ ಒಂದು ಪರೀಕ್ಷೆ ಸಾಧ್ಯ: ತಪ್ಪು ಮಾಡಿದ ಮಗು ಅದನ್ನು ಮೊದಲು ಹೆತ್ತವರಿಗೆ ಹೇಳುತ್ತದೆಯೋ, ಅವರಿಂದಲೇ ಮೊದಲು ಮರೆಮಾಚುತ್ತದೆಯೋ? ಕ್ಷಮಾವಾಣಿಯ ದಿನ ಊರವರೆಲ್ಲರ ಕ್ಷಮೆ ಬೇಡುವ ಹಿರಿಯರು ಸ್ವಂತ ಮಕ್ಕಳನ್ನು ಬಿಟ್ಟುಬಿಡುವುದುಂಟು. ಮನೆಮಾತು ತುಳುವೇ ಇರಲಿ, ಕನ್ನಡ, ಮಲಯಾಳ, ಗುಜರಾತಿ ಯಾವುದೇ ಇರಲಿ, ಈ ವರ್ಷ 'ಉತ್ತಮ ಕ್ಷಮಾ', 'ಮಿಚ್ಛಾಮಿ ದುಕ್ಕಡಂ' ಎಂಬ ನುಡಿ ಮೊದಲು ಮಕ್ಕಳಿಗೆ ಸಲ್ಲಲಿ.

ಜೈ ಜಿನೇಂದ್ರ.