ಹಣೆಬರಹವೂ ತಿರುಗುಬಾಗಿಲೂ

ಮನುಷ್ಯನ ಬದುಕಿನಲ್ಲಿ ವಿಧಿಯ ಪಾಲೆಷ್ಟು, ಸ್ವಪ್ರಯತ್ನದ ಪಾಲೆಷ್ಟು ಎಂಬ ಪ್ರಶ್ನೆಯನ್ನು ಮಹಾಭಾರತದ ಕಾಲದಿಂದಲೂ ನಾವು ಕೇಳಿಕೊಳ್ಳುತ್ತ ಬಂದಿದ್ದೇವೆ. ಇಂಥ ಗಹನವಾದ ವಿಷಯಕ್ಕೆ, ನಾಣ್ಯ ಹಾಕಿ ಆಡುತ್ತಿದ್ದ ಒಂದು ಯಂತ್ರದಾಟವನ್ನು ಉದಾಹರಣೆಯಾಗಿ ತಂದರೆ ಓದುಗರು ನಕ್ಕಾರು. ನಗಲಿ. ಒಂದು ಪಗಡೆಯಾಟದಿಂದ ಕುರುಕ್ಷೇತ್ರದವರೆಗೆ ನಡೆದ ಕಥೆಯನ್ನು ಕೇಳಿ ಬೆಳೆದವರು ನಾವು. ಆಟವನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ.

ಜಪಾನಿನ ನಾಮ್ಕೊ ಸಂಸ್ಥೆ 1980ರಲ್ಲಿ ಹೊರತಂದ ಪ್ಯಾಕ್‌ಮ್ಯಾನ್ ಆಟದ ಹೆಸರನ್ನು ನಮ್ಮ ಮಕ್ಕಳೂ ಬಲ್ಲರು. ಗೋಡೆಗಳ ನಡುವಿನ ಓಣಿಗಳಲ್ಲಿ ಚುಕ್ಕೆಗಳನ್ನು ತಿನ್ನುತ್ತ, ಬೆನ್ನಟ್ಟಿ ಬರುವ ನಾಲ್ಕು ಭೂತಗಳಿಂದ ತಪ್ಪಿಸಿಕೊಳ್ಳುವುದು, ಇಷ್ಟೇ ಅದರ ಸಾರ. ಮರುವರ್ಷ ಜಪಾನಿನದೇ ಆದ ಯುನಿವರ್ಸಲ್ ಎಂಬ ಸಂಸ್ಥೆ ‘ಲೇಡಿ ಬಗ್’ ಎಂಬ ಇಂಥದೇ ಆಟವನ್ನು ತಂದಿತು. ಗುಲಗಂಜಿ ಹುಳುವೇ ಇದರ ನಾಯಕಿ. ಅಣ್ಣನ ಕೀರ್ತಿಯ ನೆರಳಿನಲ್ಲಿ ತಂಗಿ ಮರೆಯಾದಳು. 1997ರಲ್ಲಿ ಇಟಲಿಯ ನಿಕೊಲಾ ಸಾಲ್ಮೋರಿಯಾ ಎಂಬವರು ‘ಮೇಮ್’ ಎಂಬ ತಂತ್ರಾಂಶವನ್ನು ಹೊರತಂದ ಮೇಲೆ ಹಳೆಯ ಯಂತ್ರದಾಟಗಳನ್ನು ಮನೆಯ ಕಂಪ್ಯೂಟರಿನಲ್ಲೇ ಆಡುವುದು ಸಾಧ್ಯವಾಯಿತು. ಮರೆತುಹೋದ ಈ ತಂಗಿಯೂ ಹಾಗೆಯೇ ಮತ್ತೆ ಬೆಳಕಿಗೆ ಬಂದಳು.

ಅಣ್ಣನ ಆಟದಲ್ಲಿ ಗೋಡೆಗಳು ಕದಲುವುದಿಲ್ಲ. ತಂಗಿಯದರಲ್ಲಿ ಇಪ್ಪತ್ತು ಹಸಿರು ತಿರುಗುಬಾಗಿಲುಗಳಿವೆ. ಹುಳು ಒತ್ತಿದರೆ ಬಾಗಿಲು ತಿರುಗುತ್ತದೆ, ದಾರಿ ಬಿಡುತ್ತದೆ. ಪ್ರತಿ ಬಾಗಿಲಿಗೆ ಎರಡು ನಿಲುವುಗಳೆಂದರೆ, ಕಾಲೇಜಿನಲ್ಲಿ ಕಲಿತ ಲೆಕ್ಕದ ಪ್ರಕಾರ, ಎರಡನ್ನು ಇಪ್ಪತ್ತು ಸಲ ಗುಣಿಸಬೇಕು. ಒಂದೇ ಚಕ್ರವ್ಯೂಹದಲ್ಲಿ 10,48,576 ವ್ಯೂಹಗಳು! ಬೆನ್ನಟ್ಟುವ ಕೀಟಗಳಿಗೆ ಮಾತ್ರ ಬಾಗಿಲು ತಿರುಗಿಸುವ ಶಕ್ತಿಯಿಲ್ಲ. ಅಂಚಿನ ಚೌಕಟ್ಟಿನ ಸುತ್ತ ಒಂದು ಬಣ್ಣ ಗಡಿಯಾರದ ಮುಳ್ಳಿನಂತೆ ಓಡುತ್ತದೆ. ಅದು ಸುತ್ತು ಮುಗಿಸಿದಾಗಲೆಲ್ಲ ನಡುವಿನ ಗೂಡಿನಿಂದ ಒಂದೊಂದು ಕೀಟ, ನಮ್ಮ ಕಚೇರಿಗೆ ಬರುವ ರಿಮೈಂಡರುಗಳ ಹಾಗೆ, ಹೊತ್ತಿಗೆ ಸರಿಯಾಗಿ ಹೊರಬೀಳುತ್ತದೆ.

ಅಭಿಮನ್ಯು ವ್ಯೂಹದೊಳಗೆ ಹೊಕ್ಕಾಗ ಪಾಂಡವರ ದಾರಿಯನ್ನು ಮುಚ್ಚಿದವನು ಜಯದ್ರಥ. ಅಲ್ಲಿ ದೂರಲು ಒಬ್ಬ ವೈರಿಯಿದ್ದ. ಈ ಆಟದಲ್ಲಿ ಬಾಗಿಲು ತಿರುಗಿಸುವ ಕೈ ನಾಯಕಿಯದು ಮಾತ್ರ. ‘ಗೋಡೆ ಅಡ್ಡ ಬಂತು’ ಎಂದು ಆಕೆ ಹೇಳಿದರೆ, ಆ ಗೋಡೆಯನ್ನು ಅಲ್ಲಿಗೆ ತಂದು ನಿಲ್ಲಿಸಿದವರಾರು ಎಂದು ಕೇಳಬೇಕಾಗುತ್ತದೆ. ಏಕೆಂದರೆ ಬಾಗಿಲು ತೆರೆಯುವುದೆಂದರೆ ಅದು ಮಾಯವಾಗುವುದಲ್ಲ. ಒಂದು ದಾರಿಯನ್ನು ಬಿಟ್ಟು, ಅದನ್ನು ಅಡ್ಡಹಾಯುವ ಇನ್ನೊಂದು ದಾರಿಗೆ ಗೋಡೆಯಾಗಿ ನಿಲ್ಲುವುದು.

‘ಏನು ಮಾಡೋಣ ಸ್ವಾಮಿ, ಅನ್ನದ ಋಣ ಇಲ್ಲಿಗೆ ಎಳೆದು ತಂದಿತು’ ಎಂಬ ಮಾತು ನಮ್ಮ ಸಂಘದ ಕೂಟಗಳಲ್ಲಿ ಎಷ್ಟು ಸಲ ಕೇಳಿಬರುತ್ತದೆ! ಪರೀಕ್ಷೆಗೆ ಅರ್ಜಿ ಹಾಕಿದವರು ನಾವು. ನೇಮಕಾತಿಯ ಕಾಗದ ಬಂದಾಗ ಪೆಟ್ಟಿಗೆ ಕಟ್ಟಿದವರು ನಾವು. ಅದರಲ್ಲಿ ತಪ್ಪೇನೂ ಇಲ್ಲ. ಆ ಸಂಬಳದಿಂದ ತಂಗಿಯರ ಮದುವೆಗಳಾಗಿವೆ, ಊರಿನ ಮನೆಗೆ ಹೆಂಚು ಬಂದಿದೆ. ಆದರೆ ತಿರುಗಿಸಿದ ಬಾಗಿಲನ್ನು ಹಣೆಬರಹ ಎನ್ನುವುದು ಸತ್ಯವಲ್ಲ. ಬಂದ ದಾರಿಯೇನೂ ಮುಚ್ಚಿಲ್ಲ, ಊರಿಗೆ ರೈಲು ಇದ್ದೇ ಇದೆ. ಮುಚ್ಚಿದ್ದು ಅಡ್ಡದಾರಿ. ಸಂಜೆ ಸುಮ್ಮನೆ ಹೋಗಿ ತಾಯಿಯ ಬಳಿ ಕುಳಿತು ಬರುವುದು, ಪಕ್ಕದ ಮನೆಯ ಸಾವಿಗೆ ಹೆಗಲು ಕೊಡುವುದು, ಇಂಥವು ರಜೆ ಹಾಕಿ ಮಾಡುವ ಕೆಲಸಗಳಲ್ಲ.

ಇಲ್ಲಿ ಒಂದು ಆಕ್ಷೇಪವುಂಟು, ನ್ಯಾಯವಾದದ್ದೇ. ಎಲ್ಲರ ವ್ಯೂಹದಲ್ಲೂ ಇಪ್ಪತ್ತು ಬಾಗಿಲುಗಳಿರುತ್ತವೆಯೆ? ಕರಾವಳಿಯಿಂದ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರನ್ನು ನೆನೆಯಿರಿ. ಹಸಿವು ಅವರನ್ನು ಕಳಿಸಿತು. ಹತ್ತು-ಹನ್ನೆರಡರ ವಯಸ್ಸಿನಲ್ಲಿ ಅವರ ಒಪ್ಪಿಗೆಯನ್ನು ಕೇಳಿದವರಿಲ್ಲ. ಅವರ ಬದುಕಿನ ಗೋಡೆಗಳಿಗೆ ಅವರನ್ನೇ ಹೊಣೆ ಮಾಡುವುದು ಕ್ರೌರ್ಯ. ಆದರೂ ದುಡಿದು ಸುಸ್ತಾದ ಮೇಲೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಪರೀಕ್ಷೆ ಪಾಸು ಮಾಡಿದವರು ಅವರಲ್ಲೇ ಎಷ್ಟೋ ಮಂದಿ. ಇದ್ದ ಒಂದೇ ಬಾಗಿಲನ್ನು ತಿರುಗಿಸಿದವರು ಅವರು. ಹಾಗಿರುವಾಗ ಪದವಿ, ಪಿಂಚಣಿ, ಪ್ರವಾಸ ಭತ್ಯೆಗಳಿರುವ ನಮ್ಮಂಥವರು ವಿಧಿಯ ಹೆಸರೆತ್ತಿದರೆ ಕೇಳುವವರಿಗೆ ಹೇಗೆ ತೋರಬೇಡ?

ಈ ಆಟದ ಇನ್ನೊಂದು ಗುಣ ನಮ್ಮ ಮನಸ್ಸನ್ನು ಬಹಳ ಸೆಳೆಯಿತು. ಬಾಗಿಲುಗಳನ್ನು ಹೇಗೆ ತಿರುಗಿಸಿದರೂ ವ್ಯೂಹದ ಯಾವ ಭಾಗವನ್ನೂ ಪೂರ್ತಿಯಾಗಿ ಬೇರ್ಪಡಿಸುವುದು ಸಾಧ್ಯವಿಲ್ಲ. ಸುತ್ತಿ ಬಳಸಿ ಎಲ್ಲಿಗಾದರೂ ತಲುಪಬಹುದು. ಹಾದಿ ದೂರವಾಗುತ್ತದೆ, ಅಷ್ಟೇ. ಹೀಗಾಗಿ ನಮ್ಮ ಕಾಲ ಮುಗಿಯಿತು, ಮಕ್ಕಳಿಗೆ ಇನ್ನು ಕನ್ನಡ ಬರುವುದಿಲ್ಲ ಎಂದು ಕೈಚೆಲ್ಲುವವರ ಮಾತನ್ನೂ ನಾವು ಒಪ್ಪಲಾರೆವು.

‘ಅಜ್ಜಿಯ ಕಾಗದ ನನಗೇಕೆ ಓದಲು ಬರುವುದಿಲ್ಲ?’ ಎಂದು ಮಗಳು ಕೇಳಿದರೆ, ‘ಪರವೂರಿನಲ್ಲಿ ಹಾಗೆಯೇ ಆಗುತ್ತದಮ್ಮ’ ಎನ್ನುವುದು ಸುಲಭ. ಯಾವ ಶಾಲೆಗೆ ಸೇರಿಸಿದೆವು, ಏಕೆ ಸೇರಿಸಿದೆವು, ಅದರಿಂದ ಅವಳಿಗೆ ದೊರೆತದ್ದೇನು, ತಪ್ಪಿದ್ದೇನು ಎಂದು ಬಿಡಿಸಿ ಹೇಳಬಹುದು. ಆಮೇಲೆ ಅದೇ ಕಾಗದವನ್ನು ಮುಂದಿಟ್ಟುಕೊಂಡು, ವಾರಕ್ಕೆ ನಾಲ್ಕು ಅಕ್ಷರದಂತೆ ಕಲಿಸಲು ಕುಳಿತುಕೊಳ್ಳಬಹುದು.