ಸುದ್ದಿಯ ಋಣ ಯಾರಿಗೆ?

ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರ ಪ್ರಕಟಣೆಯು ಚಂದಾಪುರದ ವರದಿಗಾರನ ಕೈ ಸೇರಿತೆನ್ನಿ. ನೆಟ್ಟ ಸಸಿಗಳ ಲೆಕ್ಕ ಅದರಲ್ಲಿದೆ. ತೊಗರಿಯ ಹೊಲದ ಮೇಲೆ ಕುಳಿತ ಧೂಳಿನ ಮಾತಿಲ್ಲ. ತನ್ನ ಸಂಸ್ಥೆಯ ಒಳಿತನ್ನು ಹೇಳುವುದು ಸಾರ್ವಜನಿಕ ಸಂಪರ್ಕಾಧಿಕಾರಿಯ ಕಾಯಕ. ಅವನು ಯಾರ ಪರವೆಂಬುದನ್ನು ಎಲ್ಲರೂ ಬಲ್ಲರು. ಅದೇ ಮಾತು ವರದಿಗಾರನ ಮಾತಾಗಿ ಅಚ್ಚಾದರೆ ಓದುಗನು ವಂಚಿತನಾಗುತ್ತಾನೆ.

ಬೆಲೆ ಪಡೆದು ಪ್ರಕಟಿಸುವ ಸುದ್ದಿಯನ್ನು ಭಾರತೀಯ ಪತ್ರಿಕಾ ಮಂಡಳಿಯ 2010ರ ವರದಿಯು ಖಂಡಿಸಿತು. ಹಣವಷ್ಟೇ ಅಲ್ಲ, ವಸ್ತುರೂಪದ ಪ್ರತಿಫಲವೂ ಬೆಲೆಯೇ ಎಂದಿತು. ಆದರೆ ಅಲ್ಪ ಸಂಭಾವನೆ ಕೊಟ್ಟು, ಜಾಹೀರಾತು ತರುವ ಹೊಣೆಯನ್ನೂ ವರದಿಗಾರನ ಮೇಲೆಯೇ ಹೊರಿಸುವ ಪತ್ರಿಕೆಯು ಅವನಿಂದ ನಿಷ್ಠುರ ಸತ್ಯವನ್ನು ಬಯಸುವುದು ನ್ಯಾಯವೇ?

ಪ್ರಕಟಣೆಯನ್ನು ಓದಿ, ರೈತನನ್ನೂ ಕಂಡು ಬರೆಯುವವನೇ ಕಾಯಕನಿಷ್ಠನು. ಅವನಿಗೆ ಅನ್ನವಿಕ್ಕುವ ಹೊಣೆ ಕಾರ್ಖಾನೆಯದಲ್ಲ. ಪತ್ರಿಕೆಯದು, ಅದನ್ನು ಕೊಂಡು ಓದುವ ನಮ್ಮೆಲ್ಲರದು.