ದೋಣಿಯಲ್ಲಿ ಉಳಿದ ತಂದೆ

ಗಲಿಲಾಯ ಸರೋವರದ ದಡದಲ್ಲಿ ನಾಲ್ವರು ಬೆಸ್ತರು ತಮ್ಮ ಕಸುಬನ್ನು ಬಿಟ್ಟು ಯೇಸುವಿನ ಹಿಂದೆ ಹೊರಟ ಸಂಗತಿಯನ್ನು ಮಾರ್ಕನು ತನ್ನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಕೆಲವೇ ವಾಕ್ಯಗಳಲ್ಲಿ ಹೇಳಿ ಮುಗಿಸಿರುವನು. ಸೀಮೋನನೂ ಅವನ ಸಹೋದರನಾದ ಅಂದ್ರೆಯನೂ ಬಲೆ ಬೀಸುತ್ತಿದ್ದರು. ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರು ದೋಣಿಯಲ್ಲಿ ಕುಳಿತು ಬಲೆಗಳನ್ನು ಸರಿಮಾಡುತ್ತಿದ್ದರು. ಕರೆ ಬಂದಿತು, ಎದ್ದು ಹೋದರು. ಕ್ರೈಸ್ತಸಭೆಯ ಮೊದಲ ಹೆಜ್ಜೆ ಇದೇ ಎಂದು ಬೋಧಕರು ಹೋದವರ ಕಡೆಗೇ ಕಣ್ಣಿಟ್ಟು ಕೊಂಡಾಡುತ್ತ ಬಂದಿರುವರು. ಆದರೆ ಮಾರ್ಕನು ಮತ್ತೊಂದು ಮಾತನ್ನೂ ಬಿಡದೆ ಹೇಳಿರುವನು: ತಂದೆಯಾದ ಜೆಬೆದಾಯನು ಕೂಲಿಯಾಳುಗಳೊಡನೆ ದೋಣಿಯಲ್ಲಿಯೇ ಉಳಿದನು. ಈ ತಂದೆಗೆ ಮಕ್ಕಳು ಮಾಡಿದುದು ಧರ್ಮವೋ, ಅಧರ್ಮವೋ? ಹಿರಿದಾದ ಕರೆಯೊಂದು ಕೇಳಿಬಂದಾಗ ಹತ್ತಿರದವರ ಋಣವನ್ನು ಬಿಟ್ಟು ಹೋಗುವ ಅಧಿಕಾರವು ಮನುಷ್ಯನಿಗೆ ಉಂಟೆ?

ಅವರು ಬಿಟ್ಟುದು ಅಲ್ಪವಾದುದೆಂದು ಭಾವಿಸಲಾಗದು. 1986ರಲ್ಲಿ ಬರಗಾಲದಿಂದ ಆ ಸರೋವರದ ನೀರು ಬಹಳವಾಗಿ ಇಳಿದಾಗ, ವಾಯವ್ಯ ದಡದ ಕೆಸರಿನಲ್ಲಿ ಹಳೆಯ ದೋಣಿಯೊಂದು ಸಿಕ್ಕಿತು. ಅದರ ಉದ್ದ ಸುಮಾರು 8 ಮೀಟರು, ಅಗಲ 2 ಮೀಟರಿಗಿಂತ ತುಸು ಹೆಚ್ಚು. ಕಾಲ ಸುಮಾರು 2000 ವರ್ಷಗಳ ಹಿಂದಿನದು. ಶಿಷ್ಯರ ದೋಣಿ ಇದೇ ಎನ್ನಲು ಆಧಾರವಿಲ್ಲವಾದರೂ, ಅಂದಿನ ಬೆಸ್ತರ ಬಾಳನ್ನು ಇದು ಚೆನ್ನಾಗಿ ತಿಳಿಸುವುದು. ಹತ್ತಕ್ಕೂ ಹೆಚ್ಚು ಜಾತಿಯ ಮರಗಳು ಅದರಲ್ಲಿ ಸೇರಿವೆ. ಹರಿದ ಬಟ್ಟೆಗೆ ತೇಪೆ ಹಾಕಿದಂತೆ, ಸಿಕ್ಕಿದ ಹಲಗೆಯನ್ನು ಜೋಡಿಸಿ ಮತ್ತೆ ಮತ್ತೆ ದುರಸ್ತಿ ಮಾಡಿರುವರು. ಒಂದು ದೋಣಿಯನ್ನು ಇಷ್ಟು ಕಾಲ ಕಾಪಾಡಿಕೊಂಡವರಿಗೆ ಅದು ಅನ್ನದ ಬಟ್ಟಲಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಜೆಬೆದಾಯನಿಗೆ ಕೂಲಿಯಾಳುಗಳಿದ್ದುದರಿಂದ ಅವನು ಉಪವಾಸ ಬೀಳಲಿಲ್ಲವೆಂದು ಸಮಾಧಾನ ಹೇಳಬಹುದು. ಆದರೆ ಕೂಲಿಯವನು ಬಲೆಯನ್ನು ಎಳೆದಾನು; ಮಗನಾಗಲಾರನು.

ಆ ಕರೆ ಹಠಾತ್ತಾಗಿ ಬಂದುದರಿಂದ ವಿಚಾರಕ್ಕೆ ಎಡೆಯಿರಲಿಲ್ಲವೆಂದು ಹೇಳುವುದೂ ಕಷ್ಟ. ಯೋಹಾನನ ಸುವಾರ್ತೆಯ ಪ್ರಕಾರ ಅಂದ್ರೆಯನು ಮೊದಲೇ ಸ್ನಾನಿಕನಾದ ಯೋಹಾನನ ಶಿಷ್ಯನಾಗಿದ್ದು, ತನ್ನ ಸಹೋದರನನ್ನು ತಾನೇ ಯೇಸುವಿನ ಬಳಿಗೆ ಕರೆತಂದನು. ಪರಿಚಯವು ಮುಂಚೆಯೇ ಇದ್ದಿತೆಂದಮೇಲೆ ಹೊರಟವರ ಹೊಣೆಯು ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ಅದೂ ಅಲ್ಲದೆ, ತಂದೆಯನ್ನು ಹೂಣಿಟ್ಟು ಬರುವೆನೆಂದು ಬೇಡಿದವನೊಬ್ಬನಿಗೆ ಗುರುವು ಅದಕ್ಕೂ ಅವಕಾಶ ಕೊಡದೆ ಕಠಿಣವಾಗಿ ನುಡಿದುದನ್ನು ಮತ್ತಾಯನೂ ಲೂಕನೂ ಬರೆದಿರುವರು. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬುದು ಮೋಶೆಯ ದಶಾಜ್ಞೆಗಳಲ್ಲಿ ಒಂದಾಗಿದ್ದ ಜನಾಂಗದಲ್ಲಿ ಈ ಮಾತು ಎಷ್ಟು ಕಹಿಯಾಗಿ ಕೇಳಿಸಿರಬೇಕು!

ಆದರೆ ಅದೇ ಗುರುವು ಮತ್ತೊಂದೆಡೆಯಲ್ಲಿ ಇದಕ್ಕೆ ವಿರುದ್ಧವೆಂದು ತೋರುವಂತೆ ಮಾತನಾಡಿರುವನು. ತಂದೆತಾಯಿಗಳ ಪೋಷಣೆಗೆ ಸಲ್ಲಬೇಕಾದುದನ್ನು ಕೊರ್ಬಾನ್, ಎಂದರೆ ದೇವರಿಗೆ ಮುಡಿಪು, ಎಂದು ಹೇಳಿ ಕೈತೊಳೆದುಕೊಳ್ಳುವ ಪದ್ಧತಿಯನ್ನು ಆತನು ಖಂಡಿಸಿದನು. ಇದನ್ನು ಬರೆದವನೂ ಮಾರ್ಕನೇ. ದೇವರ ಹೆಸರು ಋಣದಿಂದ ತಪ್ಪಿಸಿಕೊಳ್ಳಲು ನೆವವಾಗಬಾರದೆಂಬುದೇ ಅದರ ತಾತ್ಪರ್ಯ. ಈ ಎರಡು ಮಾತುಗಳನ್ನೂ ಜೊತೆಯಲ್ಲಿಟ್ಟು ನೋಡಿದರೆ, ಪ್ರಶ್ನೆಯು ಬಿಡುವುದೋ ಉಳಿಯುವುದೋ ಎಂಬುದಲ್ಲ. ಬಿಟ್ಟವನು ತನ್ನ ಹೊರೆಯನ್ನು ಕೆಳಗಿಳಿಸಿದನೋ, ಅದಕ್ಕಿಂತ ದೊಡ್ಡದನ್ನು ಹೊತ್ತನೋ ಎಂಬುದು.

ಶಿಷ್ಯರ ಮುಂದಿನ ಚರಿತ್ರೆಯು ಇದಕ್ಕೆ ಸ್ವಲ್ಪಮಟ್ಟಿಗೆ ಉತ್ತರ ಕೊಡುವುದು. ಸೀಮೋನ ಪೇತ್ರನು ಬಲೆಯನ್ನು ಬಿಟ್ಟರೂ ಮನೆಯನ್ನು ಮರೆಯಲಿಲ್ಲ. ಕಪೆರ್ನೌಮಿನ ಆ ಮನೆಯಲ್ಲಿಯೇ ಜ್ವರದಿಂದ ಮಲಗಿದ್ದ ಅವನ ಅತ್ತೆಯು ಗುಣಹೊಂದಿದಳು. ಮುಂದೆ ಅವನು ಹೆಂಡತಿಯನ್ನು ಜೊತೆಯಲ್ಲಿಯೇ ಕರೆದುಕೊಂಡು ಸಂಚರಿಸುತ್ತಿದ್ದನೆಂಬುದು ಕೊರಿಂಥದವರಿಗೆ ಪೌಲನು ಬರೆದ ಮೊದಲನೆಯ ಪತ್ರದಿಂದ ತಿಳಿಯುವುದು. ಜೆಬೆದಾಯನ ಮಕ್ಕಳ ತಾಯಿಯೂ ಹಿಂಬಾಲಿಸಿದವರೊಡನೆ ಸೇರಿ ಶಿಲುಬೆಯನ್ನು ದೂರದಿಂದ ನೋಡುತ್ತ ನಿಂತಿದ್ದಳೆಂದು ಮತ್ತಾಯನು ಹೇಳುವನು.

ಇದೇ ಪ್ರಶ್ನೆಯು ಯೆರೂಸಲೇಮಿನಲ್ಲಿ ಹುಟ್ಟಿದ ಮೊದಲ ಸಭೆಯ ಬಾಗಿಲಿಗೂ ಬಂದಿತು. ಆಸ್ತಿಯನ್ನು ಒಟ್ಟಿಗೆ ಅನುಭವಿಸುತ್ತಿದ್ದ ಆ ಸಮೂಹದಲ್ಲಿ, ಪ್ರತಿದಿನದ ಅನ್ನದ ಹಂಚಿಕೆಯಲ್ಲಿ ಗ್ರೀಕ್ ಮಾತಿನ ವಿಧವೆಯರನ್ನು ಅಲಕ್ಷ್ಯಮಾಡುವರೆಂಬ ಗೊಣಗಾಟ ಎದ್ದಿತೆಂದು ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವು ಹೇಳುವುದು. ಬೋಧನೆಯನ್ನು ಬಿಟ್ಟು ಬಡಿಸುವುದರಲ್ಲಿ ತೊಡಗುವುದು ತಮಗೆ ತರವಲ್ಲವೆಂದು ಹನ್ನೆರಡು ಮಂದಿ ಅಪೊಸ್ತಲರು ತಿಳಿಸಿದರು. ಇಲ್ಲಿಯೂ ಹಿರಿಯ ಕಾರ್ಯಕ್ಕಾಗಿ ಹತ್ತಿರದ ಕಾರ್ಯವನ್ನು ಬಿಡುವ ಮಾತೇ. ಆದರೆ ಈ ಸಾರಿ ಅವರು ಸುಮ್ಮನೆ ಎದ್ದು ಹೋಗಲಿಲ್ಲ. ಏಳು ಮಂದಿಯನ್ನು ಆರಿಸಿಕೊಡುವಂತೆ ಸಭೆಗೇ ಹೇಳಿ, ಆರಿಸಿದವರ ಮೇಲೆ ಕೈಯಿಟ್ಟು ಆ ಕೆಲಸಕ್ಕೆ ನಿಲ್ಲಿಸಿದರು. ಸ್ತೆಫನನೂ ಫಿಲಿಪ್ಪನೂ ಸೇರಿದಂತೆ ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ದೂರಿದವರ ಕಡೆಯವರ ಕೈಗೇ ಹಂಚಿಕೆಯನ್ನು ಒಪ್ಪಿಸಿದಂತಾಯಿತು. ಬಿಟ್ಟ ಕೆಲಸವನ್ನು ಯಾರು ಹೊರುವರೆಂದು ಕೇಳಿಕೊಳ್ಳುವ ವಿವೇಕವು ಸರೋವರದ ದಡದಲ್ಲಿ ಕಾಣದಿದ್ದರೂ, ಇಲ್ಲಿ ಸಭೆಯ ಕಟ್ಟಳೆಯಾಯಿತು.

ಯಾಕೋಬನು ಹೊತ್ತ ಹೊರೆಯು ಹಗುರವಾದುದಲ್ಲ. ಕ್ರಿ.ಶ. 41ರಿಂದ 44ರವರೆಗೆ ಯೂದಾಯವನ್ನು ಆಳಿದ ಹೆರೋದ ಅಗ್ರಿಪ್ಪನು ಅವನನ್ನು ಕತ್ತಿಯಿಂದ ಕೊಲ್ಲಿಸಿದನು. ಸುಖಕ್ಕಾಗಿ ತಂದೆಯನ್ನು ಬಿಟ್ಟನೆಂದು ಅವನ ಮೇಲೆ ಯಾರೂ ಆರೋಪ ಹೊರಿಸಲಾರರು. ಇಷ್ಟಾದರೂ ಜೆಬೆದಾಯನ ಲೆಕ್ಕವು ಪೂರ್ತಿಯಾಗಿ ತೀರಿತೆನ್ನಲಾಗದು. ಮಕ್ಕಳ ಹೆಸರಿನೊಡನೆ ಅವನ ಹೆಸರು ಬರುವುದೇ ಹೊರತು, ಅವನು ಏನು ನುಡಿದನೆಂದು ಯಾವ ಸುವಾರ್ತೆಯೂ ಹೇಳುವುದಿಲ್ಲ. ಮಕ್ಕಳ ತ್ಯಾಗವೆಂದು ಲೋಕವು ಎಣಿಸಿದುದರಲ್ಲಿ ಅವನ ಪಾಲೂ ಇದ್ದಿತು; ಅದನ್ನು ಅವನಿಂದ ಯಾರೂ ಕೇಳಿ ಪಡೆಯಲಿಲ್ಲ. ಕರೆಯು ಸತ್ಯವಾದಲ್ಲಿಯೂ ಹೋಗುವವನು ಈ ಋಣವನ್ನು ಅಳಿಸಲಾರನು. ಅದನ್ನು ಋಣವೆಂದು ನೆನೆದು ನಡೆಯಬಲ್ಲನು. ಆ ನೆನಪನ್ನು ಉಳಿಸಿಕೊಂಡವನ ತ್ಯಾಗಕ್ಕೆ ಮಾತ್ರ ಧರ್ಮವೆಂಬ ಹೆಸರು ಸಲ್ಲುವುದು.